ಕೂಡಿ ಇಳಿದ ಮೆಟ್ಟಿಲು

ನೀಲಗಿರಿ ಎಲೆ ಬಿಸಿಲಿಗೆ ಕಾದು ಬರುವ ವಾಸನೆಗೆ ಕಟ್ಟಿದ ಮೂಗು ಬಿಡುತ್ತದೆ ಎಂದು ನನ್ನ ಗಂಡ ರಘು ಹೇಳುತ್ತಾನೆ. ನನಗೆ ಮಾತ್ರ ಆ ವಾಸನೆ ಆಗುವುದಿಲ್ಲ. ಹೋದ ತಿಂಗಳು ಮಗಳನ್ನು ಕೂರಿಸಿಕೊಂಡು ಹೇವರ್ಡ್ ಕಡೆಗೆ ಹೋಗುತ್ತಿದ್ದೆ. ಫ್ರೀವೇ ಪಕ್ಕದಲ್ಲಿ ಮರ ಕಡಿದು ರಾಶಿ ಹಾಕಿದ್ದರು. ವಾಸನೆ ಕಾರಿನೊಳಗೆ ನುಗ್ಗಿದ್ದೇ ಕಿಟಕಿ ಏರಿಸಿದೆ.

"ಅಮ್ಮಾ, ಯು ಓಕೆ?" ಅಂದಳು ಅನಘಾ.

"ಏನಿಲ್ಲ ಪುಟ್ಟಾ. ಆ ಮೆಟ್ಟಿಲು ನೆನಪಾಯ್ತು."

ಅವಳು ಮತ್ತೆ ಕೇಳಲಿಲ್ಲ. ಆ ವರ್ಷ ಅವಳೂ ನಮ್ಮೊಂದಿಗೆ ಅಲ್ಲೇ ಇದ್ದಳು.

ಈಗ ನಾವಿರುವುದು ಕ್ಯುಪರ್ಟಿನೋದ ಅಪಾರ್ಟ್‌ಮೆಂಟಿನಲ್ಲಿ. ಆಗ ಇದ್ದದ್ದು ಹೇವರ್ಡ್ ದಾಟಿ ಗುಡ್ಡದ ಬುಡದಲ್ಲಿರುವ ಒಂದು ಸಣ್ಣ ಊರಿನಲ್ಲಿ. ಅಲ್ಲಿಯ ಜನ ಇನ್ನೂ ಅಲ್ಲೇ ಇದ್ದಾರೆ, ಊರಿನ ಹೆಸರು ಬೇಡ. ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಕೆಳಗೆ ಊರು. ಎರಡರ ನಡುವೆ ನೀಲಗಿರಿ ತೋಪಿನೊಳಗಿಂದ ಇಳಿಯುವ ಉದ್ದನೆಯ ಕಾಂಕ್ರೀಟು ಮೆಟ್ಟಿಲು. ಬಸ್ಸು ಹಿಡಿಯುವ ವಿದ್ಯಾರ್ಥಿಗಳು, ಮೇಲೆ ಕೆಲಸಕ್ಕೆ ಹೋಗುವ ಊರವರು, ಎಲ್ಲರಿಗೂ ಅದೊಂದೇ ದಾರಿ. ಮೆಟ್ಟಿಲಿನ ಅರ್ಧದಲ್ಲಿ, ಸಿಮೆಂಟಿನಲ್ಲಿ ಹುದುಗಿಸಿದ ಒಂದು ಹಿತ್ತಾಳೆ ಬಿಲ್ಲೆಯಿತ್ತು. ಅದರಿಂದ ಮೇಲಿನದು ವಿಶ್ವವಿದ್ಯಾಲಯದ ನೆಲ, ಕೆಳಗಿನದು ಊರಿನ ನೆಲ. ಮೇಲಿನವರಿಗೆ ಅವರದೇ ಪೊಲೀಸರು, ಕೆಳಗಿನವರಿಗೆ ಇವರದೇ. ದೀಪದ ಕಂಬಗಳೂ ಹಾಗೇ ಹಂಚಿಹೋಗಿದ್ದವು. ಬಿಲ್ಲೆಯ ಆಸುಪಾಸಿನ ಕಂಬಗಳು ಯಾರವು ಎಂಬುದು ತೀರ್ಮಾನವಾಗದೆ ಅವು ಉರಿಯುವುದನ್ನೇ ಬಿಟ್ಟಿದ್ದವು.

ನಾನು ಮೇಲೆ ರಸಾಯನಶಾಸ್ತ್ರದ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಮನೆ ಮೆಟ್ಟಿಲಿನ ಬುಡದಲ್ಲಿ. ಊರೂ ವಿಶ್ವವಿದ್ಯಾಲಯವೂ ಸೇರಿ ಒಂದು ಜಂಟಿ ಸಮಿತಿ ಮಾಡಿದಾಗ, "ನೀನು ಎರಡೂ ಕಡೆಯವಳು" ಎಂದು ನನ್ನನ್ನೂ ಎಳೆದು ಹಾಕಿದರು. ಊರಿನ ಪರವಾಗಿ ಪ್ಯಾಟ್ ಎಂಬ ನಿವೃತ್ತ ಟೀಚರು, ವಿಶ್ವವಿದ್ಯಾಲಯದ ಪರವಾಗಿ ಹೋಲ್ಟ್ ಎಂಬ ಉಪ ಡೀನು, ವಿದ್ಯಾರ್ಥಿಗಳ ಪರವಾಗಿ ಆಂಡ್ರೆ. ಆಂಡ್ರೆ ಓಕ್ಲೆಂಡಿನ ಕಪ್ಪು ಜನರ ಮನೆಯವನು, ನರ್ಸಿಂಗ್ ಓದುತ್ತಿದ್ದ. ಎತ್ತರದ ಆಳು, ಮೆತ್ತಗಿನ ಮಾತು. ನನ್ನ ಲ್ಯಾಬಿನಲ್ಲೂ ಒಂದು ಟರ್ಮು ಇದ್ದವನು.

ಆಗಸ್ಟಿನ ಮೊದಲ ಮೀಟಿಂಗಿನಲ್ಲಿ ಪ್ಯಾಟ್, ತನ್ನ ಮನೆ ಮುಂದೆ ಕಾರು ನಿಲ್ಲಿಸುವ ವಿದ್ಯಾರ್ಥಿಗಳ ಬಗ್ಗೆ ಮಾತಾಡಿದಳು. ಬಿಯರ್ ಕ್ಯಾನುಗಳ ಬಗ್ಗೆ ಇನ್ನೊಬ್ಬರು. ಹೋಲ್ಟ್ ಎಲ್ಲದಕ್ಕೂ "ನಿಮ್ಮ ಕಾಳಜಿಯೇ ನಮ್ಮ ಕಾಳಜಿ" ಅನ್ನುತ್ತಿದ್ದರು. ಕೊನೆಯಲ್ಲಿ ಆಂಡ್ರೆ ಕೈ ಎತ್ತಿ, "ಬಿಲ್ಲೆ ಹತ್ತಿರದ ದೀಪ ಯಾರದು?" ಎಂದು ಕೇಳಿದ. ಪ್ಯಾಟ್ ಹೋಲ್ಟ್ ಕಡೆ ನೋಡಿದಳು, ಹೋಲ್ಟ್ ಪ್ಯಾಟ್ ಕಡೆ ನೋಡಿದರು. ಅದನ್ನು ಮುಂದಿನ ಮೀಟಿಂಗಿಗೆ ಇಟ್ಟೆವು.

ಮುಂದಿನ ಮೀಟಿಂಗಿಗೆ ಮೊದಲೇ ಸ್ಟೆಲ್ಲಾ ಆಂಟಿ ಬಿದ್ದರು.

ಸ್ಟೆಲ್ಲಾ ಆಂಟಿ ಮತ್ತು ಲಾರೆನ್ಸ್ ಅಂಕಲ್ ನಮ್ಮ ಪಕ್ಕದ ಮನೆಯವರು, ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಅಂಕಲ್ ಹೇವರ್ಡಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟು ಓಡಿಸಿ ನಿವೃತ್ತರಾದವರು. ಆಂಟಿ ಇನ್ನೂ ಕ್ಯಾಂಪಸ್ಸಿನ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸೆಪ್ಟೆಂಬರಿನ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಒಬ್ಬ ಹಿಂದಿನಿಂದ ಬಂದು ಅವರ ಬ್ಯಾಗಿಗೆ ಕೈ ಹಾಕಿದ. ಪಟ್ಟಿ ತೋಳಿಗೆ ಸುತ್ತಿಕೊಂಡಿತ್ತು. ಅವನು ಬ್ಯಾಗು ಬಿಡಲಿಲ್ಲ, ಆಂಟಿಯನ್ನೇ ಮೆಟ್ಟಿಲ ಮೇಲೆ ಎಳೆದುಕೊಂಡು ಹೋದ. ಪಟ್ಟಿ ಹರಿಯುವ ತನಕ ಎಳೆದ.

ಸ್ವಲ್ಪ ಹೊತ್ತಿಗೆ ನಾನು ಇಳಿದು ಬಂದೆ. ಆಂಟಿಯ ತಲೆ ಕೆಳಗೆ, ಕಾಲು ಮೇಲೆ. ಒಂದು ಕಾಲು ಕಾಲಿನ ಹಾಗೆ ಕಾಣುತ್ತಿರಲಿಲ್ಲ. ಗಲ್ಲದ ಚರ್ಮ ಕಾಂಕ್ರೀಟಿಗೆ ಉಜ್ಜಿ ಹೋಗಿತ್ತು.

"ಎಂತದೂ ಇರ್ಲಿಲ್ಲ ವೀಣಾ ಅದ್ರಲ್ಲಿ" ಅಂದರು. "ಖಾಲಿ ಟಿಫಿನ್ ಡಬ್ಬಿ ಮಾತ್ರ. ಕೇಳಿದ್ರೆ ನಾನೇ ಕೊಡ್ತಿದ್ದೆ."

ಮೇಲಿನಿಂದ ಕ್ಯಾಂಪಸ್ ಪೊಲೀಸರು ಬಂದರು, ಕೆಳಗಿನಿಂದ ಊರಿನ ಪೊಲೀಸರು. ಆಂಟಿ ಬಿದ್ದಿದ್ದು ಬಿಲ್ಲೆಯ ಕೆಳಗೆ, ಎಳೆದದ್ದು ಮೇಲಿನಿಂದ. "ಶುರುವಾದದ್ದು ಎಲ್ಲಿ?" ಎಂದು ಇಬ್ಬರೂ ಕೇಳಿದರು. ಆಂಟಿ ಕಣ್ಣು ಮುಚ್ಚಿ ಕೊಂಕಣಿಯಲ್ಲಿ ದೇವರನ್ನು ಕರೆಯುತ್ತ "ಸಾಯ್ಬಾ, ಸಾಯ್ಬಾ" ಅನ್ನುತ್ತಿದ್ದರು. ಆಂಬುಲೆನ್ಸಿನವರು ಮಾತ್ರ ಏನೂ ಕೇಳದೆ ಎತ್ತಿಕೊಂಡರು. ಸೊಂಟದ ಮೂಳೆ ಮುರಿದಿತ್ತು.

ಆಮೇಲೆ ಒಂದರ ಹಿಂದೆ ಒಂದು. ವಿದ್ಯಾರ್ಥಿಯೊಬ್ಬನ ಬಾಯಿಗೆ ಕಲ್ಲಿನಿಂದ ಗುದ್ದಿ ಲ್ಯಾಪ್‌ಟಾಪು ಕಿತ್ತುಕೊಂಡರು. ಪ್ಯಾಟಳ ಗೆಳತಿಯನ್ನು ಬೇಲಿಗೆ ಒತ್ತಿ ಹಿಡಿದು ಉಂಗುರ ಬಿಚ್ಚಿಸಿಕೊಂಡರು. ಇದೆಲ್ಲ ವಿದ್ಯಾರ್ಥಿಗಳದೇ ಕೆಲಸ ಎಂದರು ಊರವರು. ಊರಿನ ಪೋಲಿಗಳದು ಎಂದರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳು ಬಾಡಿಗೆಗಿದ್ದ ಮನೆಯೊಂದರ ಕಿಟಕಿಗೆ ಯಾರೋ ಇಟ್ಟಿಗೆ ಎಸೆದರು. ಮರುದಿನ ನಮ್ಮ ಬೀದಿಯ ಅಷ್ಟೂ ಕಾರುಗಳ ಟೈರು ಸೀಳಿತ್ತು.

ಅಕ್ಟೋಬರಿನ ಮೀಟಿಂಗು ಊರಿನ ಲೈಬ್ರರಿಯಲ್ಲಿ ನಡೆಯಿತು. ಜನ ಗೋಡೆಗೆ ಒತ್ತಿ ನಿಂತಿದ್ದರು. ಹೋಲ್ಟ್ ಎದ್ದು ನಿಂತು, ಹೆಚ್ಚಿನ ಘಟನೆಗಳು ಕೆಳಭಾಗದಲ್ಲಿ ನಡೆದಿವೆ ಎಂದರು. ಅಷ್ಟು ಸಾಕಾಯಿತು. ಊರಿನವನೊಬ್ಬ ಹತ್ತಿರದಲ್ಲಿದ್ದ ವಿದ್ಯಾರ್ಥಿಯ ಕುತ್ತಿಗೆ ಪಟ್ಟಿ ಹಿಡಿದ. ಆ ವಿದ್ಯಾರ್ಥಿ ಅವನ ಮುಖಕ್ಕೆ ಉಗಿದ. ಒಂದು ಕುರ್ಚಿ ಹಾರಿ ಬಂದು ಪುಸ್ತಕದ ಕಪಾಟಿಗೆ ಬಡಿಯಿತು. ಗದ್ದಲದ ನಡುವೆ ಆಂಡ್ರೆ ಮೇಜಿನ ಮೇಲೆ ಹತ್ತಿ ನಿಂತ. ಅಷ್ಟೆತ್ತರದ ಮನುಷ್ಯ ಮೇಜು ಹತ್ತಿದರೆ ಯಾರಾದರೂ ನೋಡಲೇಬೇಕು.

"ದೀಪ ಯಾರದು ಅಂತ ಆಮೇಲೆ ಜಗಳ ಆಡೋಣ" ಅಂದ. "ಸಾಯಂಕಾಲ ಕ್ಲಾಸು ಬಿಟ್ಟ ಮೇಲೆ ಊರಿನವರು ಒಂದಿಷ್ಟು ಜನ ಮೇಲೆ ಬನ್ನಿ. ನಾವು ಒಂದಿಷ್ಟು ಜನ ಇರ್ತೀವಿ. ಎಲ್ಲ ಸೇರಿ ಇಳಿಯೋಣ. ಗುಂಪಿಗೆ ಯಾರು ಬಂದು ಹೊಡೀತಾರೆ?"

ಯಾರೂ ಒಪ್ಪಲಿಲ್ಲ, ಬೇಡ ಅನ್ನಲೂ ಇಲ್ಲ. ಕೆಟ್ಟ ದೀಪಗಳ ಫೋಟೋ ತೆಗೆದು ತರುವ ಕೆಲಸವನ್ನು ಅವನೇ ಮೈಮೇಲೆ ಹಾಕಿಕೊಂಡ.

ಲಾರೆನ್ಸ್ ಅಂಕಲ್ ಮೀಟಿಂಗಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಆಂಟಿಯನ್ನು ಬಾತ್‌ರೂಮಿಗೆ ಎತ್ತಿಕೊಂಡು ಹೋಗುವುದು, ಗಂಜಿ ಮಾಡುವುದು, ಅಷ್ಟೇ ಅವರ ದಿನ. ಒಂದು ದಿನ ನಾನು ಸಾರು ಕೊಡಲು ಹೋದಾಗ ಬಾಗಿಲ ಹಿಂದೆ ಬೇಸ್‌ಬಾಲ್ ಬ್ಯಾಟು ಒರಗಿಸಿತ್ತು.

"ಇದೇನು ಅಂಕಲ್?"

"ನೀವು ಮೀಟಿಂಗ್ ಮಾಡ್ತಾ ಇರಿ. ನಾನು ಸಾಯಂಕಾಲ ಅಲ್ಲಿ ಹೋಗಿ ನಿಲ್ತೇನೆ. ಹೊಡೀಲಿಕ್ಕೆ ಅಲ್ಲ ಮಾರಾಯ್ತಿ, ಹೆದರಿಸ್ಲಿಕ್ಕೆ."

"ಪೊಲೀಸರು ನೋಡಿದ್ರೆ?"

"ಯಾವ ಪೊಲೀಸರು? ಮೇಲಿನವರಾ, ಕೆಳಗಿನವರಾ?"

ಅಕ್ಟೋಬರಿನ ಕೊನೆಗೆ ಒಳನಾಡಿನಿಂದ ಬಿಸಿಗಾಳಿ ಬೀಸುತ್ತದೆ. ಮೈಮೇಲಿನ ಬಟ್ಟೆ ಚಟಪಟ ಅನ್ನುತ್ತದೆ, ತುಟಿ ಒಡೆಯುತ್ತದೆ, ಎಲ್ಲಿ ಬೆಂಕಿ ಬೀಳುತ್ತದೋ ಎಂದು ಎಲ್ಲರೂ ಗುಡ್ಡದ ಕಡೆ ಕಣ್ಣಿಟ್ಟಿರುತ್ತಾರೆ. ಅಂಥ ಒಂದು ಸಂಜೆ ನಾನು ಇಳಿಯುತ್ತಿದ್ದೆ. ನೀಲಗಿರಿ ತೊಗಟೆ ಸುಲಿದು ಮೆಟ್ಟಿಲ ತುಂಬ ಬಿದ್ದಿತ್ತು, ಕಾಲಡಿ ಮುರಿಯುತ್ತಿತ್ತು. ನನ್ನ ಮುಂದೆ, ಬಿಲ್ಲೆಯ ಹತ್ತಿರ, ಒಬ್ಬ ಚೀನೀ ಅಜ್ಜಿ ಕೈಚೀಲ ಹಿಡಿದು ನಿಧಾನ ಇಳಿಯುತ್ತಿದ್ದಳು. ಅವಳ ಹಿಂದೆ, ಟೋಪಿ ಇರುವ ಸ್ವೆಟರು ಹಾಕಿಕೊಂಡು ಆಂಡ್ರೆ. ಒಂದೊಂದು ಕಂಬದ ಹತ್ತಿರ ನಿಂತು ಫೋನ್ ಎತ್ತುತ್ತಿದ್ದ, ಮತ್ತೆ ಇಳಿಯುತ್ತಿದ್ದ.

ಮರದ ಮರೆಯಿಂದ ಅಂಕಲ್ ಬಂದದ್ದನ್ನು ನೋಡಿದೆ. ಕೂಗಿದೆ. ಕನ್ನಡದಲ್ಲೇ ಕೂಗಿದೆ, "ಅಂಕಲ್, ಬೇಡ, ಅವನಲ್ಲ." ಗಾಳಿ ಅದನ್ನು ಎತ್ತ ಕೊಂಡುಹೋಯಿತೋ. ಬ್ಯಾಟು ಆಂಡ್ರೆಯ ಮುಖದ ಎಡಗಡೆಗೆ ಬಿತ್ತು. ಹಸಿ ಕಟ್ಟಿಗೆ ಸೀಳಿದ ಹಾಗೆ ಸದ್ದು. ಅವನು ಕೆಳಗೆ ಕುಸಿದ ಮೇಲೆ ಇನ್ನೊಮ್ಮೆ ಬೆನ್ನಿಗೆ, ಮತ್ತೊಮ್ಮೆ ತಡೆಯಲು ಎತ್ತಿದ ಕೈಗೆ. ನಾನು ಓಡಿಬಂದು ಬ್ಯಾಟಿಗೆ ಜೋತುಬಿದ್ದೆ. ಅಂಕಲ್ ನನ್ನನ್ನೂ ಗುರುತಿಸಲಿಲ್ಲ. ಬಾಯಿ ತೆರೆದಿತ್ತು, ಕಣ್ಣು ಎಲ್ಲೋ ಇತ್ತು. ಆಮೇಲೆ ಕೈ ಸಡಿಲವಾಯಿತು.

"ಆ ಮುದುಕಿಯ ಹಿಂದೆ ಹೋಗ್ತಾ ಇದ್ದ" ಅಂದರು. "ಕೈಯಲ್ಲಿ ಎಂತದೋ ಇತ್ತು."

"ಅದು ಫೋನ್ ಅಂಕಲ್. ನಮ್ಮ ಸಮಿತಿಯವನು. ದೀಪದ ಫೋಟೋ ತೆಗೀತಿದ್ದ."

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ನಾನು ಬ್ಯಾಗಿನಿಂದ ನನ್ನ ಸ್ವೆಟರು ತೆಗೆದು ಆಂಡ್ರೆಯ ಮುಖಕ್ಕೆ ಒತ್ತಿ ಹಿಡಿದೆ. ಉಣ್ಣೆ ಬೇಗ ನೆನೆಯಿತು. "ಮಿಸ್, ನಂಗೆ ಈ ಕಡೆ ಏನೂ ಕಾಣ್ತಿಲ್ಲ" ಎಂದು ಆಂಡ್ರೆ ಮೆಲ್ಲಗೆ ಹೇಳುತ್ತಲೇ ಇದ್ದ, ಯಾರಿಗೋ ತೊಂದರೆ ಕೊಡುತ್ತಿರುವವನ ಹಾಗೆ.

ಎಡಗಣ್ಣು ಉಳಿಯಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಾಯಿ ಡೆನೀಸ್ ಸಿಕ್ಕಳು. ಬಸ್ಸು ಓಡಿಸುವ ಹೆಂಗಸು, ಯೂನಿಫಾರ್ಮಿನಲ್ಲೇ ಬಂದಿದ್ದಳು. ನಾನು ಹೊಡೆದವರ ಪಕ್ಕದ ಮನೆಯವಳು ಎಂದು ತಿಳಿದ ಮೇಲೆ ಒಂದೇ ಮಾತು ಕೇಳಿದಳು.

"ನನ್ನ ಮಗ ನಿಮ್ಮ ಬಣ್ಣದವನಾಗಿದ್ದಿದ್ರೆ ಆ ಮನುಷ್ಯ ಬ್ಯಾಟು ಎತ್ತುತ್ತಿದ್ದನಾ?"

ನನ್ನ ಹತ್ತಿರ ಉತ್ತರ ಇತ್ತು. ಅವಳು ಅದಕ್ಕೆ ಕಾಯಲಿಲ್ಲ, ಮಗನ ಕೋಣೆಗೆ ಹೋದಳು.

ಅಂಕಲ್ ತಪ್ಪೊಪ್ಪಿಕೊಂಡರು. ಜಾಮೀನಿನ ಮೇಲೆ ಮನೆಗೆ ಬಂದ ವಾರವೇ ಅವರ ಮನೆಗೆ ಕಲ್ಲು ಬೀಳಲು ಶುರುವಾಯಿತು. ಒಂದು ಮಧ್ಯಾಹ್ನ ಅನಘಾ ಆಂಟಿಯ ಹತ್ತಿರ ಕೂತಿದ್ದಾಗ ಕಿಟಕಿ ಒಡೆದು ಗಾಜಿನ ಚೂರು ಅವಳ ಹುಬ್ಬಿನ ಮೇಲೆ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬರುವಾಗ ಕಾರಿನಲ್ಲಿ ಅವಳು, "ದೇ ಆರ್ ನಾಟ್ ರಾಂಗ್ ಟು ಬಿ ಆಂಗ್ರಿ, ಅಮ್ಮಾ" ಅಂದಳು. ರಘು ಸ್ಟೀರಿಂಗ್ ಗುದ್ದಿದ. "ಕೋಪ ಬರ್ಲಿ. ನಿನ್ನ ಕಣ್ಣಿಗೆ ಬಿದ್ದಿದ್ರೆ?" ಇನ್ನೊಂದು ಕಡೆ, ಊರಿನ ಕೆಲವರು ಅಂಕಲ್ ಪರವಾಗಿ ಬೋರ್ಡು ನೆಟ್ಟರು. ಅಂಕಲ್ ತಾವೇ ಹೋಗಿ ಅವನ್ನು ಕಿತ್ತು ಹಾಕಿದರು. ಅದಕ್ಕೆ ಬೋರ್ಡು ನೆಟ್ಟವನೊಬ್ಬ ಅವರ ಕೆನ್ನೆಗೆ ಬಾರಿಸಿದ.

ಶಿಕ್ಷೆಗೆ ಮುಂಚೆ ಅಂಕಲ್, ಆಂಡ್ರೆ ಇಬ್ಬರೂ ಎದುರುಬದುರು ಕೂರುವ ಏರ್ಪಾಡಾಯಿತು. ಆಂಡ್ರೆಯೇ ಕೇಳಿದ್ದ. ಮೇಲಿನವರ ಕಟ್ಟಡವೂ ಬೇಡ, ಕೆಳಗಿನವರದೂ ಬೇಡ ಎಂದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿದೆವು. ಸಮಿತಿಯ ಪರವಾಗಿ ನಾನೂ ಪ್ಯಾಟೂ ಇದ್ದೆವು, ಡೆನೀಸ್ ಇದ್ದಳು. ಆಂಡ್ರೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ್ದ.

"ನೀವು ನನ್ನ ಮುಖ ನೋಡಿದ್ರಾ?" ಎಂದು ಕೇಳಿದ.

ಅಂಕಲ್ ತಮ್ಮ ಅಂಗೈಗಳನ್ನು ನೋಡುತ್ತ ಕೂತಿದ್ದರು. "ಇಲ್ಲ. ಬಣ್ಣ ನೋಡಿದೆ" ಅಂದರು.

ಪ್ಯಾಟ್ ಉಸಿರು ಎಳೆದುಕೊಂಡಳು. ಡೆನೀಸ್ ಮಾತ್ರ ಅಲುಗಲಿಲ್ಲ.

"ಕ್ಷಮೆ ಕೇಳ್ಬೇಡಿ" ಅಂದ ಆಂಡ್ರೆ. "ನನ್ನ ಹತ್ತಿರ ಅದು ಇಲ್ಲ. ನಾನು ಈಗ ಆ ಮೆಟ್ಟಿಲು ಹೆದರಿಕೊಂಡು ಇಳೀತೀನಿ. ಎಡಗಡೆ ಯಾರು ಬಂದ್ರೂ ಗೊತ್ತಾಗಲ್ಲ. ನೀವೂ ಇಳೀರಿ. ಸಾಯಂಕಾಲದ ಗುಂಪಿನಲ್ಲಿ, ಕೈಯಲ್ಲಿ ಏನೂ ಇಲ್ಲದೆ."

ನ್ಯಾಯಾಧೀಶರು ಅದನ್ನು ಶಿಕ್ಷೆಗೆ ಸೇರಿಸಿದರು. ಕೆಲವು ತಿಂಗಳು ಜೈಲು, ಹೊರಗೆ ಬಂದ ಮೇಲೆ ವರ್ಷಗಟ್ಟಲೆ ನಿಗಾ, ಮತ್ತು ಮೆಟ್ಟಿಲು.

ಒಬ್ಬನ ಕಣ್ಣು ಹೋದ ಮೇಲೆ ಸಮಿತಿಗೆ ಚುರುಕು ಬಂತು. ಬಿಲ್ಲೆಯ ಹತ್ತಿರದ ಕಂಬಗಳಿಗೆ ಎರಡೂ ಕಡೆಯವರು ಸೇರಿ ದೀಪ ಹಾಕಿಸಿದರು. ಎರಡೂ ಪೊಲೀಸರು ಒಂದೇ ರೇಡಿಯೋದಲ್ಲಿ ಮಾತಾಡುವಂತಾಯಿತು. ಸಂಜೆಯ ನಡಿಗೆ ಶುರುವಾಯಿತು. ಚಳಿಗಾಲದ ಮಳೆಯಲ್ಲೂ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಊರವರು, ವಿದ್ಯಾರ್ಥಿಗಳು ಕೊರಳಲ್ಲಿ ಸೀಟಿ ಹಾಕಿಕೊಂಡು ಗುಂಪಾಗಿ ಇಳಿದೆವು. ಪ್ಯಾಟ್ ಬಿಸಿ ಸೂಪು ತರುತ್ತಿದ್ದಳು. ಅವಳ ಮನೆ ಮುಂದೆ ಕಾರು ನಿಲ್ಲಿಸುತ್ತಿದ್ದ ವಿದ್ಯಾರ್ಥಿಯೇ ಅವಳ ಕೈಹಿಡಿದು ಇಳಿಸುತ್ತಿದ್ದ. ತಿಂಗಳುಗಟ್ಟಲೆ ಯಾರ ಮೈಯನ್ನೂ ಯಾರೂ ಮುಟ್ಟಲಿಲ್ಲ. ಪತ್ರಿಕೆಯವರು ಬಂದು ಫೋಟೋ ತೆಗೆದರು. ಹೋಲ್ಟ್ ಈಗ "ನಮ್ಮ" ಎಂದು ಹೇಳುತ್ತಿದ್ದದ್ದು ಇಡೀ ಮೆಟ್ಟಿಲಿಗೆ.

ಏಪ್ರಿಲಿನಲ್ಲಿ ಅಂಕಲ್ ಹೊರಗೆ ಬಂದರು. ಮೈ ಇಳಿದು ಹೋಗಿತ್ತು. ಅವರ ಜಾಕೀಟನ್ನು ನಾನೇ ಕೊಟ್ಟೆ. ಗುಂಪಿನ ಮುಂದೆ ಆಂಡ್ರೆ, ಗುಂಪಿನ ಬಾಲದಲ್ಲಿ ಅಂಕಲ್. ಇಬ್ಬರೂ ಮಾತಾಡಲಿಲ್ಲ. ಬೇರೆಯವರೂ ಅಂಕಲ್ ಜೊತೆ ಮಾತಾಡುತ್ತಿರಲಿಲ್ಲ. ಅವರು ಎರಡೂ ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಇಟ್ಟುಕೊಂಡು ಇಳಿಯುತ್ತಿದ್ದರು. ವಾಕರ್ ಹಿಡಿದ ಆಂಟಿ ಬುಡದಲ್ಲಿ ಕಾಯುತ್ತಿದ್ದರು.

ಮೇ ತಿಂಗಳು, ಪರೀಕ್ಷೆಯ ವಾರ. ದೊಡ್ಡ ಗುಂಪು, ಎಲ್ಲರಿಗೂ ನಗು, ಮಾತು. ಗುಂಪಿನಿಂದ ಸ್ವಲ್ಪ ಹಿಂದೆ ಬಿದ್ದ ಒಬ್ಬ ಹುಡುಗಿಯ ಮೇಲೆ ಮರಗಳ ಕಡೆಯಿಂದ ಒಬ್ಬ ಎರಗಿದ. ಬ್ಯಾಗು ಹಿಡಿದ, ಅವಳು ಬಿಡಲಿಲ್ಲ, ಚಾಕುವಿನಿಂದ ಮೊಣಕೈಯಿಂದ ಮುಂಗೈ ತನಕ ಗೀರಿದ. ಅವಳ ಕಿರುಚಾಟಕ್ಕೆ ಎಲ್ಲರೂ ತಿರುಗಿದೆವು. ಹತ್ತಿರವಿದ್ದವರು ಅಂಕಲ್. ಅವರು ಕೈ ಎತ್ತಲಿಲ್ಲ, ನಡುವೆ ಹೋಗಿ ನಿಂತರು ಅಷ್ಟೇ. ಅವನು ತಳ್ಳಿದ, ಅಂಕಲ್ ಉರುಳಿದರು. ಅಷ್ಟರಲ್ಲಿ ಗುಂಪು ಮೇಲೆ ಬಿತ್ತು.

ಸಣಕಲು ಮನುಷ್ಯ, ನಡುವಯಸ್ಸು, ಹರಕು ಕೋಟು. ಚಾಕು ಆಗಲೇ ಕೈ ಬಿಟ್ಟು ಹೋಗಿತ್ತು. ಎರಡು ಏಟಿಗೆ ನೆಲಕ್ಕೆ ಬಿದ್ದ. ಅಲ್ಲಿಗೆ ನಿಲ್ಲಬೇಕಿತ್ತು. ಊರವರು ಒದ್ದರು, ವಿದ್ಯಾರ್ಥಿಗಳು ಒದ್ದರು. ಸೂಪು ತರುತ್ತಿದ್ದ ಪ್ಯಾಟ್ ಫ್ಲಾಸ್ಕಿನಿಂದ ಹೊಡೆದಳು. ಅವಳ ಕೈಹಿಡಿದು ಇಳಿಸುತ್ತಿದ್ದವನು ಪಕ್ಕೆಲುಬಿಗೆ ಗುರಿಯಿಟ್ಟು ಒದೆಯುತ್ತಿದ್ದ. ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಒದ್ದರು. ಒಂದು ವರ್ಷದಲ್ಲಿ ಊರೂ ವಿಶ್ವವಿದ್ಯಾಲಯವೂ ಒಂದು ಮಾತೂ ತಕರಾರಿಲ್ಲದೆ ಕೂಡಿ ಮಾಡಿದ ಕೆಲಸ ನಾನು ಕಂಡಂತೆ ಅದೊಂದೇ. ನಾನು ಸೀಟಿ ಊದಿದೆ, ಜಾಕೀಟುಗಳನ್ನು ಹಿಡಿದು ಎಳೆದೆ. ಯಾರದೋ ಮೊಣಕೈ ಬಡಿದು ಕನ್ನಡಕ ಮುರಿಯಿತು, ಮೂಗಿನಿಂದ ರಕ್ತ ಬಂತು.

ಆಗ ಅಂಕಲ್ ಕಾಲುಗಳ ನಡುವೆ ತೆವಳಿಕೊಂಡು ಬಂದು ಆ ಮನುಷ್ಯನ ಮೇಲೆ ಬೋರಲು ಮಲಗಿದರು. ಅವನ ತಲೆಯನ್ನು ತಮ್ಮ ತೋಳಿನಲ್ಲಿ ಮುಚ್ಚಿದರು. ಒದೆತ ನಿಲ್ಲಲಿಲ್ಲ. ಕೆಲವರಿಗೆ ಗೊತ್ತಾಗಲಿಲ್ಲ, ಕೆಲವರಿಗೆ ಗೊತ್ತಾಗಿಯೂ ನಿಲ್ಲಿಸಬೇಕೆನಿಸಲಿಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. "ಸಾಕು, ಸಾಕು" ಎಂದು ಅಂಕಲ್ ಹೇಳುತ್ತಿದ್ದದ್ದು ಕನ್ನಡದಲ್ಲಿ. ಅದು ಅಲ್ಲಿ ಅರ್ಥವಾದದ್ದು ನನಗೊಬ್ಬಳಿಗೆ.

ಪೊಲೀಸರು ಮೇಲಿನಿಂದಲೂ ಕೆಳಗಿನಿಂದಲೂ ಒಟ್ಟಿಗೇ ಬಂದರು. ಆ ಮನುಷ್ಯ ಬದುಕಿದ. ಸ್ಟೆಲ್ಲಾ ಆಂಟಿಯನ್ನು ಎಳೆದವನು ಅವನೇ ಹೌದೋ ಅಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಆಂಟಿಯೂ ಗುರುತು ಹಿಡಿಯಲಿಲ್ಲ. ಗುಂಪಿನಲ್ಲಿ ಯಾರ ಮೇಲೂ ಕೇಸಾಗಲಿಲ್ಲ. ಅಷ್ಟು ಜನರಲ್ಲಿ ಯಾರ ಒದೆತ ಯಾವುದು ಎಂದು ಹೇಳುವವರು ಯಾರೂ ಇರಲಿಲ್ಲ. ಬೇಸಿಗೆ ರಜೆ ಬಂತು, ಸಮಿತಿ ಮತ್ತೆ ಸೇರಲಿಲ್ಲ. ಆ ವರ್ಷವೇ ನಾವು ಮನೆ ಬದಲಿಸಿದೆವು.

ಅಂಕಲ್‌ಗೆ ಪಕ್ಕೆಲುಬು ಮುರಿದಿತ್ತು, ಶ್ವಾಸಕೋಶಕ್ಕೆ ಚುಚ್ಚಿತ್ತು. ಆಸ್ಪತ್ರೆಗೆ ನಾನು ಆಂಟಿಯನ್ನು ಕರೆದುಕೊಂಡು ಹೋಗಿದ್ದ ದಿನ ಆಂಡ್ರೆ ಬಂದ. ಬಾಗಿಲಲ್ಲೇ ನಿಂತ. ಆಂಟಿ ಅವನನ್ನು ನೋಡಿ ವಾಕರ್ ಹಿಡಿದು ಏಳಲು ಹೋದರು, ಅವನು ಕೈಸನ್ನೆಯಲ್ಲಿ ಬೇಡ ಅಂದ.

"ನಾನೂ ಒದ್ದೆ" ಎಂದ ಅಂಕಲ್‌ಗೆ.

"ಗೊತ್ತು. ನಿನ್ನ ಶೂ ಕಾಣ್ತಿತ್ತು."

ಅಂಕಲ್‌ಗೆ ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ಸುಧಾರಿಸಿಕೊಂಡು ಕೇಳಿದರು.

"ಅವನಿಗೆ ಒದ್ದದ್ದಾ, ನನಗಾ?"

ಆಂಡ್ರೆ ತನ್ನ ಶೂಗಳ ಕಡೆ ನೋಡಿದ.

"ಗೊತ್ತಿಲ್ಲ" ಅಂದ.

ಅಂಕಲ್ ತಲೆಯಾಡಿಸಿದರು. ಆಂಡ್ರೆ ಒಳಗೆ ಬಂದು ಕುರ್ಚಿಯೊಂದನ್ನು ಎಳೆದ. ಹಾಸಿಗೆ ತನ್ನ ಎಡಗಡೆ ಬಂದರೆ ಕಾಣುವುದಿಲ್ಲವೆಂದು ಸುತ್ತಿ ಬಂದು, ಅಂಕಲ್ ಕಾಣುವ ಕಡೆ ಕೂತ.